ಕರೆಂಟ್ ಹೋದಾಗ ಆಡಿದ ಮಾತು

ಬೈಲಹೊಂಗಲದ ತಹಶೀಲ್ದಾರ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹಜರತಸಾಬ ನದಾಫನಿಗೆ ಈಗ ಅರವತ್ತಮೂರು ವರ್ಷ. ಪಹಣಿ, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಅಳತೆಯ ಫೋಟೊ, ಇಷ್ಟರಲ್ಲಿ ಅವನ ದಿನ ಮುಗಿಯುತ್ತದೆ. ಆದರೆ ಅಂಗಡಿಯ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ‘ಟಿ.ವಿ. ಲೇಖಕರು ಹಾಗೂ ನಿರ್ಮಾಪಕರು’ ಎಂದಿದೆ. ಕಚೇರಿಗೆ ಹೊಸದಾಗಿ ಬಂದ ಗುಮಾಸ್ತರು ಅದನ್ನು ಓದಿ ನಗುತ್ತಾರೆ. ಹಳಬರು ನಗುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ರವಿವಾರ ಮುಂಜಾನೆ ಹತ್ತು ಗಂಟೆಗೆ ಈ ಊರಿನ ಓಣಿಗಳು ಯಾಕೆ ಖಾಲಿಯಾಗುತ್ತಿದ್ದವು ಎಂಬುದು ಅವರಿಗೆ ಗೊತ್ತು.

ಆಗ ಊರಿನ ಕೇಬಲ್ಲಿನವರಿಗೆ ತಮ್ಮದೇ ಒಂದು ಚಾನೆಲ್ ಇತ್ತು. ಹುಟ್ಟುಹಬ್ಬದ ಶುಭಾಶಯ, ಸೀರೆ ಅಂಗಡಿಯ ಜಾಹೀರಾತು, ಹಳೆಯ ಸಿನಿಮಾ, ಅಷ್ಟೇ ಅದರ ಸರಕು. ಹಜರತಸಾಬ ಮದುವೆಗಳ ವಿಡಿಯೊ ತೆಗೆಯುವವನು. ಕೇಬಲ್ ಮಾಲೀಕನ ಮಗನ ಮದುವೆಯನ್ನು ಚೆನ್ನಾಗಿ ತೆಗೆದುಕೊಟ್ಟ ಖುಷಿಗೆ ಅವನಿಗೆ ರವಿವಾರದ ಅರ್ಧ ತಾಸು ಸಿಕ್ಕಿತು. ಧಾರಾವಾಹಿ ಮಾಡುತ್ತೇನೆಂದು ಬಜಾರದಲ್ಲೆಲ್ಲ ಸಾರಿಕೊಂಡು ಬಂದ. ಕ್ಯಾಮೆರಾ ಇತ್ತು, ಹುಮ್ಮಸ್ಸು ಇತ್ತು, ಕಥೆಯೊಂದು ಬಿಟ್ಟು ಎಲ್ಲವೂ ಇತ್ತು.

ಕಥೆ ಮನೆಯಲ್ಲೇ ರೊಟ್ಟಿ ಬಡಿಯುತ್ತಾ ಕುಳಿತಿತ್ತು. ಅವನ ಹೆಂಡತಿ ಮಕ್ತುಮಬಿ ದೇಗಾಂವದ ಮಗಳು. ಅವಳ ಅಪ್ಪನದು ಅಲ್ಲಿ ಹಿಟ್ಟಿನ ಗಿರಣಿ. ಏಳನೆಯ ಇಯತ್ತೆ ಮುಗಿಸಿ ಸಾಲೆ ಬಿಟ್ಟವಳು ಮದುವೆಯಾಗುವ ತನಕ ಆ ಗಿರಣಿಯಲ್ಲಿ ಜೋಳ ತೂಗಿದವಳು. ಗಿರಣಿ ಓಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಕರೆಂಟ್ ಹೋಗಿ ಮೋಟಾರಿನ ಪಟ್ಟ ನಿಂತಿತೆಂದರೆ, ಬುಟ್ಟಿ ಮಗ್ಗುಲಿಗಿಟ್ಟುಕೊಂಡು ಕುಳಿತ ಹೆಂಗಸರು ಬಾಯಿ ಬಿಡುತ್ತಾರೆ. ಅತ್ತೆಯ ಕಾಟ, ಗಂಡನ ಕುಡಿತ, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡ ಜಡ್ಡು, ಎಲ್ಲ ಹೊರಗೆ ಬರುತ್ತದೆ. ಕರೆಂಟ್ ಬಂತೋ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ಕೇಳಲು ಮತ್ತೆ ಕರೆಂಟ್ ಹೋಗುವ ತನಕ ಕಾಯಬೇಕು.

“ಗಿರಣಿ ಬಂದ್ ಆದಾಗ ಹೆಣ್ಣುಮಕ್ಕಳ ಬಾಯಿ ಚಾಲೂ ಆಗತೈತ್ರಿ,” ಅಂದಳು ಮಕ್ತುಮಬಿ. “ಅದನ್ನ ತೆಗೀರಿ. ಕರೆಂಟ್ ಹೋದಾಗ ನಿಮ್ಮ ಕಥಿ ಚಾಲೂ ಆಗಲಿ, ಬಂದಾಗ ಮುಗೀಲಿ. ಮುಂದಿನ ರವಿವಾರ ಮಂದಿ ತಾವಾಗೇ ಬಂದು ಕುಂಡ್ರತಾರ.”

‘ಶಟ್ಟೆವ್ವನ ಗಿರಣಿ’ ಧಾರಾವಾಹಿ ಹುಟ್ಟಿದ್ದು ಹೀಗೆ. ನೂರಾ ನಲವತ್ತು ವಾರ ನಡೆಯಿತು. ಗಿರಣಿ ಮಕ್ತುಮಬಿಯ ಅಪ್ಪನದು, ಕಥೆ ಮಕ್ತುಮಬಿಯದು, ಆಡಿದ ಒಂದೊಂದು ಮಾತೂ ಮಕ್ತುಮಬಿಯದು. ಇದನ್ನು ನಾನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಜರತಸಾಬ ಎಲ್ಲಿಯೂ ಹೇಳುವುದಿಲ್ಲ. ಅವನನ್ನು ಕೇಳಿದರೆ, “ನಾ ಹೇಳತಿದ್ನಿ, ಅಕಿ ಬರಕೋತಿದ್ಲು” ಅನ್ನುತ್ತಾನೆ. ಅವನು ಹೇಳುತ್ತಿದ್ದದ್ದು ‘ಈ ವಾರ ಏನಾರ ಚೊಲೋದು ಬರಿ’ ಎಂಬ ಒಂದೇ ಮಾತು. ಅವಳು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಇನ್ನೂರು ಪುಟದ ವಹಿಯಲ್ಲಿ ಬರೆಯುತ್ತಿದ್ದಳು. ಅಂಥ ಹನ್ನೊಂದು ವಹಿ ತುಂಬಿದವು.

ಹಾಗೆಂದು ಅವನು ಸುಮ್ಮನೆ ಕುಳಿತಿದ್ದ ಅನ್ನಬಾರದು, ಅದೂ ಅನ್ಯಾಯವೇ. ಜಾಹೀರಾತಿಗಾಗಿ ಬೀಜದ ಅಂಗಡಿ, ಗೊಬ್ಬರದ ಅಂಗಡಿ ಸುತ್ತಿ ಚಪ್ಪಲಿ ಸವೆಸಿದವನು ಅವನು. ಕಂಪನಿ ನಾಟಕ ಬಿಟ್ಟು ಮನೆ ಹಿಡಿದಿದ್ದ ಹಿರಿಯ ನಟಿಯೊಬ್ಬಳನ್ನು ಕಾಡಿಬೇಡಿ ಕಥಾನಾಯಕಿ ಶಟ್ಟೆವ್ವನ ಪಾತ್ರಕ್ಕೆ ಒಪ್ಪಿಸಿದವನು ಅವನು. ಕ್ಯಾಸೆಟ್ಟನ್ನು ಕಂಡಕ್ಟರ್ ಕೈಯಲ್ಲಿ ಕೊಟ್ಟು ಸವದತ್ತಿಗೆ, ರಾಮದುರ್ಗಕ್ಕೆ, ಕಿತ್ತೂರಿಗೆ ಕಳಿಸಿ ಅಲ್ಲಿಯ ಕೇಬಲ್ಲಿನಲ್ಲೂ ಹಾಕಿಸಿದವನು ಅವನು. ನಿರ್ಮಾಪಕ ಎಂಬುದರಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ. ಲೇಖಕ ಎಂಬುದರಲ್ಲಿ ಒಂದು ಕಾಳಿನಷ್ಟೂ ನಿಜವಿಲ್ಲ.

ಆ ಹಿರಿಯ ನಟಿಗೆ ಓದು ಬರುತ್ತಿರಲಿಲ್ಲ. ನಾಟಕದಲ್ಲಿ ಪರದೆಯ ಹಿಂದಿನಿಂದ ಒಬ್ಬರು ಮಾತು ಹೇಳಿಕೊಡುವುದು, ಇವರು ಆಡುವುದು, ಅದೇ ಅವಳಿಗೆ ರೂಢಿ. ಹಾಗಾಗಿ ಶೂಟಿಂಗಿನ ದಿನ ಮಕ್ತುಮಬಿ ಕಾಳಿನ ಚೀಲಗಳ ಹಿಂದೆ ವಹಿ ಹಿಡಿದು ಕೂರುತ್ತಿದ್ದಳು. ಅವಳು ಮೆಲ್ಲಗೆ ಒಂದು ಸಾಲು ಹೇಳುವುದು, ನಟಿ ಅದನ್ನೇ ಎತ್ತಿ ಆಡುವುದು. ಹಿಟ್ಟಿನ ಧೂಳಿಗೆ ಮಕ್ತುಮಬಿಗೆ ಕೆಮ್ಮು ಬಂದರೆ ಹಜರತಸಾಬ ಕ್ಯಾಮೆರಾ ನಿಲ್ಲಿಸಿ ಬೈಯುತ್ತಿದ್ದ.

ಧಾರಾವಾಹಿಯಲ್ಲಿ ತೋರಿಸುವ ಹೆಸರಿನ ಫಲಕಗಳನ್ನು ಬರೆದವನು ಪೇಂಟರ್ ಬಸಯ್ಯ. ‘ಕಥೆ, ಸಂಭಾಷಣೆ, ನಿರ್ದೇಶನ, ನಿರ್ಮಾಣ: ಹಜರತಸಾಬ ನದಾಫ’ ಎಂದು ನೀಲಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವಾಗ ಅವನು ಕೇಳಿದ್ದ: “ಸಾಹೇಬ್ರ, ವೈನಿ ಹೆಸರು ಬ್ಯಾಡೇನ್ರಿ?”

“ಹೆಣ್ಣುಮಕ್ಕಳ ಹೆಸರು ಬಜಾರಕ್ಕ ಹಾಕತಾರೇನೋ? ನಾಳೆ ಮಂದಿ ಏನಂದಾರು?”

ಚಹಾ ತಂದಿದ್ದ ಮಕ್ತುಮಬಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. “ಆತು ಬಿಡ್ರಿ,” ಅಂದಳು. ಆ ಮೇಲೆ ಅವಳು ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವೆಂದು ಅವನು ಮರೆತ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ಸವದತ್ತಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ದೊಡ್ಡ ಚಾನೆಲ್ಲುಗಳು ಮನೆಮನೆಗೆ ಬಂದವು, ಊರಿನ ಚಾನೆಲ್ ಮುಚ್ಚಿತು. ಹಜರತಸಾಬ ವಹಿಗಳಲ್ಲಿ ಎರಡನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿಗೆ ಹೋದ. ಧಾರಾವಾಹಿ ಮಾಡುವ ಕಂಪನಿಯೊಂದರಲ್ಲಿ ವಹಿ ಓದಿ ಮೆಚ್ಚಿ, ಮೇಜಿನ ಮೇಲೆ ಹಾಳೆಯಿಟ್ಟು, “ಅತ್ತೆ ಸೊಸೆ ಜಗಳದ್ದು ಒಂದು ಸೀನ್ ಇಲ್ಲೇ ಬರೆದುಕೊಡಿ ಸರ್” ಎಂದರು. ಮುಂಜಾನೆಯಿಂದ ಮಧ್ಯಾಹ್ನದ ತನಕ ಕುಳಿತ. ‘ಅತ್ತೆ:’ ಎಂದು ಬರೆದು ಎರಡು ಚುಕ್ಕೆ ಇಟ್ಟ, ಮುಂದೆ ಅತ್ತೆ ಬಾಯಿ ಬಿಡಲಿಲ್ಲ. ಊಟ ಮಾಡಿ ಬರುತ್ತೇನೆಂದು ಎದ್ದವನು ಸೀದಾ ಬಸ್ ಹತ್ತಿದ. ಊರಿನಲ್ಲಿ ಕೇಳಿದವರಿಗೆಲ್ಲ, “ಅಲ್ಲಿ ಮಂದಿಗೆ ನಮ್ಮ ಭಾಷಾ ಬ್ಯಾಡ್ರಿ” ಎಂದ. ಹೇಳುತ್ತಾ ಹೇಳುತ್ತಾ ತಾನೂ ಅದನ್ನೇ ನಂಬಿದ, ಆ ಸಿಟ್ಟಿನಲ್ಲೇ ಇಪ್ಪತ್ತು ವರ್ಷ ಕಳೆದ.

ಹೋದ ವರ್ಷ ಆ ಸಿಟ್ಟಿಗೆ ತುಪ್ಪ ಬಿತ್ತು. ದೊಡ್ಡ ಚಾನೆಲ್ ಒಂದರಲ್ಲಿ ಹೊಸ ಧಾರಾವಾಹಿ ಬಂತು. ಹಿಟ್ಟಿನ ಗಿರಣಿ. ಕರೆಂಟ್ ಹೋಗುತ್ತದೆ, ಹೆಂಗಸರು ಮಾತಾಡುತ್ತಾರೆ, ಕರೆಂಟ್ ಬರುತ್ತದೆ, ಕಂತು ಮುಗಿಯುತ್ತದೆ. ಹಜರತಸಾಬನ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. “ನನ್ನ ಕಥಿ ಕದ್ದಾರ,” ಎಂದ. ಮಕ್ತುಮಬಿ ತಲೆ ಎತ್ತಿ ಅವನನ್ನು ನೋಡಿ, ಮತ್ತೆ ಟಿ.ವಿ. ಕಡೆ ತಿರುಗಿದಳು.

ಮಗಳು ಅಂಬರೀನ ಕಿತ್ತೂರಿನ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಆ ಧಾರಾವಾಹಿ ಮಾಡುತ್ತಿರುವವನು ಕಿತ್ತೂರಿನವನೇ, ಗೌತಮ ಅಂತ, ಈಗ ಬೆಂಗಳೂರಿನಲ್ಲಿ ಬರೆಯುವುದೂ ನಿರ್ಮಿಸುವುದೂ ಅವನೇ ಎಂದು ಅವಳು ಪತ್ತೆ ಹಚ್ಚಿ ನಂಬರ್ ತಂದಳು. ಬೈಯಲು ಸಜ್ಜಾಗಿ ಫೋನ್ ಹಚ್ಚಿದ ಹಜರತಸಾಬನಿಗೆ ಬೈಯಲು ಎಡೆಯೇ ಸಿಗಲಿಲ್ಲ.

“ಚಾಚಾ, ಸುಳ್ಳು ಹೇಳಂಗಿಲ್ರಿ,” ಎಂದ ಗೌತಮ. “ನಾ ಸಣ್ಣಾವಿದ್ದಾಗ ನಿಮ್ಮ ಗಿರಣಿ ನೋಡಕೋತನ ಬೆಳದಾವ. ಕರೆಂಟ್ ಹೋಗೂದು ನಿಮ್ಮದ. ಮಾಡಿದವರು ಯಾರು, ಎಲ್ಲಿ ಅದಾರ ಅಂತ ಹುಡುಕಲಿಲ್ಲ, ಅದು ನನ್ನ ತಪ್ಪು. ಟೈಟಲ್ಲಿನ್ಯಾಗ ‘ಮೂಲ’ ಅಂತ ನಿಮ್ಮ ಹೆಸರು ಹಾಕಸ್ತೇನಿ. ಆದ್ರ ಚಾನೆಲ್ಲಿನವರು ಪುರಾವೆ ಕೇಳತಾರ. ಹಳೇ ಕ್ಯಾಸೆಟ್ಟಾಗಲಿ, ಬರದ ವಹಿಯಾಗಲಿ, ಏನಾರ ಒಂದು ಕಳಸ್ರಿ.”

ಫೋನ್ ಇಟ್ಟೊಡನೆ ಅಂಬರೀನ ಎದ್ದಳು. “ವಹಿ ಟ್ರಂಕಿನ್ಯಾಗ ಅದಾವಲ್ಲ ಅಬ್ಬಾ. ಈಗ ಫೋಟೊ ತೆಗದು ಕಳಸ್ತೇನಿ.”

“ವಹಿ ಬ್ಯಾಡ.”

“ಯಾಕ?”

“ವಹಿ ಯಾರ ಬೇಕಾದ್ರೂ ಇವತ್ತ ಕುಂತು ಬರೀಬಹುದು ಅಂತಾರ. ಕ್ಯಾಸೆಟ್ಟಿನ್ಯಾಗ ಹೆಸರೈತಿ, ಅದನ್ನ ಹುಡಕೂಣು.”

ವಹಿಯಲ್ಲಿನ ಕೈಬರಹ ತನ್ನದಲ್ಲ ಎಂಬುದು ಅವನ ಒಳಗಿನ ಕಾರಣ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಮಕ್ತುಮಬಿ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

ಆದರೆ ಕ್ಯಾಸೆಟ್ ಎಲ್ಲಿತ್ತು? ಹೊಸ ಕ್ಯಾಸೆಟ್ ತುಟ್ಟಿ ಎಂದು ಹಜರತಸಾಬ ಒಂದು ಉಪಾಯ ಮಾಡಿದ್ದ. ಒಂದು ಕ್ಯಾಸೆಟ್ಟಿಗೆ ಏಳು ಕಂತು ಹಿಡಿಯುತ್ತಿದ್ದವು. ಏಳೂ ಪ್ರಸಾರವಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಯಾರದಾದರೂ ಮದುವೆ ತುಂಬಿ, ಹೊಸದೆಂದು ಹೇಳಿ ಕೊಟ್ಟುಬಿಡುತ್ತಿದ್ದ. ನೂರಾ ನಲವತ್ತು ಕಂತೂ ಹೀಗೆ ಅಕ್ಷತೆಯ ಕೆಳಗೆ ಹೋದವು. ಆದರೂ ಮದುವೆ ಕ್ಯಾಸೆಟ್ಟಿಗಿಂತ ಸಣ್ಣದಾಗಿದ್ದರೆ ಕೊನೆಯಲ್ಲಿ ಒಂದಿಷ್ಟು ಗಿರಣಿ ಉಳಿದಿರಲೇಬೇಕು. ಹಳೆಯ ಗಿರಾಕಿಗಳ ಹೆಸರು ನೆನಪು ಮಾಡಿಕೊಂಡು, ಅಂಗಡಿಗೆ ಕದ ಹಾಕಿ ಹೊರಟ.

ಸವದತ್ತಿಯಲ್ಲಿ ದೊಡ್ಡ ವ್ಯಾಪಾರಿಯ ಮನೆಯಲ್ಲಿ ಕ್ಯಾಸೆಟ್ ಗಾಜಿನ ಕಪಾಟಿನಲ್ಲೇ ಇತ್ತು. ಆ ಮದುವೆ ಮೂರು ದಿನ ನಡೆದದ್ದು. ಊಟದ ಪಂಕ್ತಿಯನ್ನೇ ಮುಕ್ಕಾಲು ತಾಸು ತೆಗೆದಿದ್ದ. ಕ್ಯಾಸೆಟ್ಟಿನ ಕಟ್ಟಕಡೆಯ ಸೆಕೆಂಡಿನ ತನಕ ಯಾರೋ ಜಿಲೇಬಿ ತಿನ್ನುತ್ತಿದ್ದರು. ಕಿತ್ತೂರಿನ ಹತ್ತಿರ, ಹೈವೇ ಮಗ್ಗುಲಿನ ಮನೆಯವರು ಕ್ಯಾಸೆಟ್ ಇದೆ ಎಂದು ಹೊಲಕ್ಕೇ ಕರೆದುಕೊಂಡು ಹೋದರು. ಹಕ್ಕಿ ಓಡಿಸಲು ಕ್ಯಾಸೆಟ್ಟಿನ ಕರಿಯ ಪಟ್ಟಿ ಬಿಚ್ಚಿ ಜೋಳದ ಮೇಲೆ ಈ ಬದುವಿನಿಂದ ಆ ಬದುವಿಗೆ ಎಳೆದು ಕಟ್ಟಿದ್ದರು. ಬಿಸಿಲಿಗೆ ಮಿಂಚುತ್ತಾ, ಗಾಳಿಗೆ ಗುಂಯ್ ಎನ್ನುತ್ತಾ ಇತ್ತು. ಹಜರತಸಾಬ ಬದುವಿನ ಮೇಲೆ ನಿಂತು ಅದನ್ನು ಬಹಳ ಹೊತ್ತು ಕೇಳಿದ. ಬೆಂಗಳೂರಿನವರನ್ನು ಬೈದ, ಕೇಬಲ್ಲಿನವರನ್ನು ಬೈದ, ಹಕ್ಕಿಗಳನ್ನೂ ಬಿಡಲಿಲ್ಲ.

ಸಿಕ್ಕಿದ್ದು ರಾಮದುರ್ಗದಲ್ಲಿ, ನೇಕಾರ ಶಂಕರೆಪ್ಪನ ಮನೆಯಲ್ಲಿ. ಬಡವರ ಮದುವೆ, ಎರಡೂವರೆ ತಾಸಿನಲ್ಲಿ ಮುಗಿದಿತ್ತು. ಶಂಕರೆಪ್ಪನ ಹೆಂಡತಿ ಬಾಯವ್ವ ಕ್ಯಾಸೆಟ್ಟನ್ನು ಧಾರೆ ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿದ್ದಳು.

“ನಮ್ಮ ಲಗ್ನ ಮುಗದ ಮ್ಯಾಲೆ ಗಿರಣಿ ಬರತಿತ್ತರಿ,” ಎಂದಳು ನಗುತ್ತಾ. “ವಿ.ಸಿ.ಆರ್. ನಡಿಯೂತನಕ ಲಗ್ನಕ್ಕಿಂತ ಅದನ್ನ ಜಾಸ್ತಿ ನೋಡೀನಿ. ಶಟ್ಟೆವ್ವ ಒಂದು ಮಾತು ಹೇಳತಾಳಲ್ರಿ: ‘ಜ್ವಾಳಾ ಹಸನ ಮಾಡಾಕಿ ನಾ, ಬೀಸಾಕಿ ನಾ, ಬಡಿಯಾಕಿ ನಾ. ರೊಟ್ಟಿ ಮಾತ್ರ ಅವರ ಮನೀದು.’ ನಮ್ಮತ್ತಿ ಕೂಡ ಜಗಳಾಡಿದಾಗೆಲ್ಲ ಇದನ್ನ ಅಂದೀನಿ ನಾ. ಹೆಣ್ಣುಮಕ್ಕಳ ಹೊಟ್ಟ್ಯಾಗಿಂದು ನಿಮಗ ಹೆಂಗ ತಿಳೀತರಿ, ಗಂಡಸರಿಗೆ?”

“ಕಿವಿ ಕೊಟ್ಟು ಕೇಳಿದ್ರ ಎಲ್ಲಾ ತಿಳೀತೈತವಾ,” ಎಂದ ಹಜರತಸಾಬ. ಹೇಳುವಾಗ ಅವನ ಎದೆ ಉಬ್ಬಿತು. ಬಾಯವ್ವ ಕ್ಯಾಸೆಟ್ಟಿಗೆ ಕುಂಕುಮ ಹಚ್ಚಿ ಕೊಟ್ಟಳು, ನೋಡಿಯಾದ ಮೇಲೆ ತಪ್ಪದೆ ವಾಪಸ್ ಕೊಡಬೇಕೆಂದು ಮಾತು ತೆಗೆದುಕೊಂಡಳು.

ಅಂಬರೀನ ಧಾರವಾಡದ ರಿಪೇರಿಯವನಿಂದ ಹಳೆಯ ವಿ.ಸಿ.ಆರ್. ತಂದಳು. ರವಿವಾರ ಮುಂಜಾನೆ ಮೂವರೂ ಕುಳಿತರು. ಬಾಯವ್ವ ಅಳುತ್ತಾ ಟೆಂಪೊ ಹತ್ತಿದಳು, ತೆರೆಯ ಮೇಲೆ ಬಿಳಿ ಚುಕ್ಕೆಗಳು ಸುರಿದವು, ಆ ಮೇಲೆ ದೇಗಾಂವದ ಗಿರಣಿ ಬಂತು. ಪಟ್ಟ ನಿಧಾನವಾಗಿ ನಿಂತಿತು. ಎಲ್ಲ ಶಾಂತವಾದಾಗ ಮೊದಲು ಕೇಳಿದ್ದು ಶಟ್ಟೆವ್ವನ ದನಿಯಲ್ಲ. ಚೀಲಗಳ ಹಿಂದಿನ ದನಿ. ಮೆಲ್ಲಗೆ, ಸ್ಪಷ್ಟವಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು: ‘ಜ್ವಾಳಾ ಹಸನ ಮಾಡಾಕಿ ನಾ.’ ಅದರ ಹಿಂದಿನಿಂದ ನಟಿಯ ದೊಡ್ಡ ದನಿ, ಅದೇ ಮಾತು.

“ಅಮ್ಮಿ, ಇದು ನಿನ್ನ ದನಿ,” ಎಂದಳು ಅಂಬರೀನ.

ಮಕ್ತುಮಬಿಯ ತುಟಿ ಆಡುತ್ತಿತ್ತು. ಟಿ.ವಿ.ಯಲ್ಲಿ ಮಾತು ಬರುವ ಮೊದಲೇ ಅವಳ ಬಾಯಲ್ಲಿ ಬರುತ್ತಿತ್ತು. ಇಪ್ಪತ್ತೈದು ವರ್ಷ, ಒಂದು ಅಕ್ಷರವೂ ಮರೆತಿರಲಿಲ್ಲ. ಕಂತು ಮುಗಿದು ನೀಲಿ ಹಲಗೆ ಬಂದಾಗ ಅವಳ ತುಟಿ ನಿಂತಿತು. ‘ಕಥೆ, ಸಂಭಾಷಣೆ, ನಿರ್ದೇಶನ, ನಿರ್ಮಾಣ: ಹಜರತಸಾಬ ನದಾಫ.’

ಹಜರತಸಾಬ ತೊಡೆ ತಟ್ಟಿಕೊಂಡ. “ಬಂತು ನೋಡ. ಇನ್ನ ಯಾ ಚಾನೆಲ್ಲಿನವ ಏನಂತಾನ?” ಆ ಮೇಲೆ ಮಗಳ ಕಡೆ ಬಾಗಿ ದನಿ ತಗ್ಗಿಸಿ ಕೇಳಿದ: “ಆ ಹಿಂದಿನ ಗುಸುಗುಸು ತಗೀಲಿಕ್ಕೆ ಬರತೈತೇನು? ಅದೊಂದು ಅಡ್ಡ ಆಗಾಕ ಹತ್ತೈತಿ.”

ಮನೆ ಸಣ್ಣದು, ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳುತ್ತದೆ. ಅಂಬರೀನ ಅಪ್ಪನ ಮುಖ ನೋಡಿದಳು. ಬರುವುದಿಲ್ಲ ಎಂದಳು. ಬರುತ್ತಿತ್ತೋ ಏನೋ, ಅವಳು ಯತ್ನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಗೌತಮನಿಗೆ ಕಳಿಸಿದಳು.

ಎರಡು ದಿನ ಬಿಟ್ಟು, ಮುಂಜಾನೆ ಅಂಬರೀನ ಬಸ್ಸಿಗೆ ಹೊರಡುವ ಹೊತ್ತಿಗೆ ಗೌತಮನ ಫೋನ್ ಬಂತು. ಹಜರತಸಾಬನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿ ಫೋನನ್ನು ಮಣೆಯ ಮೇಲಿಟ್ಟುಕೊಂಡ. ಮೂರು ಹೆಜ್ಜೆ ಆಚೆ ಒಲೆಯ ಮುಂದೆ ಮಕ್ತುಮಬಿ ರೊಟ್ಟಿ ಬಡಿಯುತ್ತಿದ್ದಳು.

“ಚಾಚಾ, ಕೆಲಸಾತು. ಸೋಮವಾರದಿಂದ ನಿಮ್ಮ ಹೆಸರು ಬರತೈತಿ,” ಎಂದ ಗೌತಮ. “ಇನ್ನೊಂದು ಕೇಳಬೇಕಾಗಿತ್ರಿ. ಹಿಂದ ಒಂದು ದನಿ ಐತಲ್ಲ, ಹೇಳಿಕೊಡೂದು. ಆ ನಟಿಗಿಂತ ಚೊಲೋ ಹೇಳ್ಯಾರ. ನಾ ಹತ್ತ ಸಲ ಕೇಳೀನಿ. ಯಾರ್ರಿ ಅವರು? ಅದಾರೇನು? ಅವರ ಹೆಸರೂ ಹಾಕೂಣಲ್ಲ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಂಬರೀನ ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತಳು.

ಮೂರಕ್ಷರದ ಉತ್ತರ ಸಾಕಿತ್ತು. ‘ನನ್ನಾಕಿ’ ಅಂದಿದ್ದರೆ ಆಗುತ್ತಿತ್ತು. ಆದರೆ ಹೆಂಡತಿ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಓದಿದವಳು ಅವಳಾದರೆ ಬರೆದವರು ಯಾರು ಎಂದು. ಅಂಗಡಿಯ ಬೋರ್ಡು ಅವನ ಕಣ್ಣ ಮುಂದೆ ಬಂತು. ತಹಶೀಲ್ದಾರ ಕಚೇರಿಯ ಗುಮಾಸ್ತರು ಬಂದರು. ಬೆಂಗಳೂರಿನ ಆ ಮೇಜು, ಆ ಹಾಳೆ, ‘ಅತ್ತೆ:’ ಬಂತು. ಸೋಮವಾರಕ್ಕೆ ಇನ್ನು ಐದೇ ದಿನ ಇತ್ತು.

“ಅದು ಪ್ರಾಂಪ್ಟರ್,” ಎಂದ ಹಜರತಸಾಬ. “ಊರಾಗಿನ ಒಬ್ಬ ಹೆಣ್ಣುಮಗಳು. ಬರತಿದ್ಲು, ಓದಿ ಹೇಳತಿದ್ಲು. ಈಗ ಎಲ್ಲದಾಳೋ ಯಾರಿಗೊತ್ತು.”

ಗೌತಮ ಅಯ್ಯೋ ಎಂದು ಫೋನ್ ಇಟ್ಟ. ಅಂಬರೀನ ಇನ್ನೊಂದು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದಳು. ಒಲೆಯ ಮುಂದೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಮೊದಲಿನ ಹಾಗೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವಳು ಜಗಳ ತೆಗೆಯುತ್ತಾಳೆ ಎಂದು ಅವನು ಆ ದಿನವಿಡೀ ಕಾದ. ಮರುದಿನವೂ ಕಾದ. ಅವಳು ಹೊತ್ತುಹೊತ್ತಿಗೆ ಊಟಕ್ಕಿಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಶುಕ್ರವಾರದ ಹೊತ್ತಿಗೆ ಅವನು ನಿರಾಳವಾದ. ಎಷ್ಟಾದರೂ ಇಪ್ಪತ್ತೈದು ವರ್ಷ ಸುಮ್ಮನಿದ್ದವಳು ಎಂದುಕೊಂಡ.

ಸೋಮವಾರ ಸಂಜೆ ಏಳಕ್ಕೆ ಮನೆ ತುಂಬ ಮಂದಿ. ಓಣಿಯವರು ಬಂದಿದ್ದರು, ಪೇಂಟರ್ ಬಸಯ್ಯ ಹೂವಿನ ಮಾಲೆ ಹಿಡಿದು ಬಂದಿದ್ದ. ಅಂಬರೀನ ಮಾತ್ರ ಪರೀಕ್ಷೆಯ ಪೇಪರ್ ನೆವ ಹೇಳಿ ಕಿತ್ತೂರಿನಲ್ಲೇ ಗೆಳತಿಯ ಮನೆಯಲ್ಲಿ ಉಳಿದಿದ್ದಳು. ಧಾರಾವಾಹಿ ಶುರುವಾಯಿತು. ಸಂಗೀತ ಮುಗಿಯುವ ಹೊತ್ತಿಗೆ ಹೊಂಬಣ್ಣದ ಅಕ್ಷರದಲ್ಲಿ ಬಂತು: ‘ಮೂಲ: ಹಜರತಸಾಬ ನದಾಫ, ಬೈಲಹೊಂಗಲ.’ ಎರಡು ಸೆಕೆಂಡು ನಿಂತು ಹೋಯಿತು. ಮಂದಿ ಚಪ್ಪಾಳೆ ತಟ್ಟಿದರು. ಬಸಯ್ಯ ಮಾಲೆ ಹಾಕಿದ, ಹಾಕಿ ಒಂದು ಸಲ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಹಜರತಸಾಬನ ಕಣ್ಣು ಒದ್ದೆಯಾದವು. ಅದು ಸುಳ್ಳು ಕಣ್ಣೀರಲ್ಲ, ಅಷ್ಟು ಹೇಳಲೇಬೇಕು.

“ಸಾಹೇಬ್ರ, ಈ ಹೊತ್ತಿಗೆ ನಾಕು ಮಾತು ಹೇಳ್ರಿ,” ಎಂದರು ಯಾರೋ. “ಇಷ್ಟೆಲ್ಲಾ ಬರದವರು ನೀವು.”

ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮಕ್ತುಮಬಿ ತಟ್ಟೆಯಲ್ಲಿ ಕಪ್ಪುಗಳನ್ನು ಜೋಡಿಸಿಕೊಂಡು ಹೊರಗೆ ಬಂದಳು. ಎಲ್ಲರನ್ನೂ ದಾಟಿ ಮೊದಲು ಅವನ ಮುಂದೆ ತಟ್ಟೆ ಹಿಡಿದಳು. ಚೀಲಗಳ ಹಿಂದಿನ ಅದೇ ದನಿ, ಮೆಲ್ಲಗೆ, ಸ್ಪಷ್ಟವಾಗಿ.

“ಚಾ ತಗೋರಿ. ಊರಾಗಿನ ಒಬ್ಬ ಹೆಣ್ಣುಮಗಳು ಮಾಡ್ಯಾಳ.”

ಮಂದಿಗೆ ಅರ್ಥವಾಗಲಿಲ್ಲ, ಒಬ್ಬಿಬ್ಬರು ನಕ್ಕರು. ಬಸಯ್ಯ ನಗಲಿಲ್ಲ. ಹಜರತಸಾಬ ಕಪ್ಪು ಹಿಡಿದುಕೊಂಡು ನಿಂತ. ಇದಕ್ಕೆ ಏನಾದರೂ ಒಂದು ಮಾತು ಹೇಳಬೇಕಿತ್ತು, ಮಂದಿ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಎಷ್ಟು ಹುಡುಕಿದರೂ ಮಾತು ಬರಲಿಲ್ಲ. ಮಾತು ಹೇಳಿಕೊಡುತ್ತಿದ್ದವಳು ಎಲ್ಲರಿಗೂ ಚಹಾ ಕೊಟ್ಟು, ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.